ಮರೆಹೊಕ್ಕವನನ್ನು ಬಿಟ್ಟುಕೊಡದ ಕಂಪಿಲರಾಯ

ಕೊಪ್ಪಳ, ಗಂಗಾವತಿ ಕಡೆ ಯಾರನ್ನೇ ಕೇಳಿ, ಕುಮಾರರಾಮನ ಕಥೆ ಗೊತ್ತಿರುತ್ತದೆ. ಗಂಡುಗಲಿ, ಪರನಾರಿ ಸಹೋದರ ಎಂದು ಅವನನ್ನು ಹಾಡಿ ಹೊಗಳುತ್ತಾರೆ. ಅವನ ತಂದೆ ಕಂಪಿಲರಾಯನಿಗೆ ಆ ಭಾಗ್ಯವಿಲ್ಲ. ಹಾಡಿನಲ್ಲಿ ಅವನೊಬ್ಬ ದುಡುಕಿನ ಮುದುಕ. ಕಿರಿಯ ರಾಣಿ ರತ್ನಾಜಿಯ ಚಾಡಿ ಮಾತು ನಂಬಿ ಹೆತ್ತ ಮಗನ ತಲೆ ತೆಗೆಯಲು ಹೇಳಿದವನು. ಮಂತ್ರಿ ಬೈಚಪ್ಪ ಜಾಣತನದಿಂದ ರಾಮನನ್ನು ಬಚ್ಚಿಟ್ಟಿದ್ದರಿಂದ ಮಗ ಉಳಿದ ಎನ್ನುತ್ತದೆ ಕಥೆ.

ಆದರೆ ಇತಿಹಾಸದ ಪುಟ ತಿರುವಿದರೆ ಬೇರೆಯೇ ಕಂಪಿಲರಾಯ ಸಿಗುತ್ತಾನೆ. ಕೊಟ್ಟ ಮಾತಿಗಾಗಿ ರಾಜ್ಯ, ಹೆಂಡಿರು ಮಕ್ಕಳು, ಕೊನೆಗೆ ತನ್ನ ಪ್ರಾಣವನ್ನೂ ಪಣಕ್ಕಿಟ್ಟವನು. ವಿಶೇಷವೆಂದರೆ ಇದನ್ನು ಬರೆದಿಟ್ಟವರು ಅವನ ಆಸ್ಥಾನದ ಕವಿಗಳಲ್ಲ, ಅವನನ್ನು ಸೋಲಿಸಿದ ಕಡೆಯವರು.

ಕಂಪಿಲನ ತಂದೆ ಮುಮ್ಮಡಿ ಸಿಂಗೆಯ ನಾಯಕ, ದೇವಗಿರಿಯ ಸೇವುಣರ ಕೈಕೆಳಗಿನ ನಾಯಕ. ತುಂಗಭದ್ರೆಯ ಎರಡೂ ದಂಡೆಯ ಕಲ್ಲುಬೆಟ್ಟಗಳ ನಾಡು ಇವರ ನೆಲೆ. ನದಿಯ ಆಚೆಗೆ ಕಂಪ್ಲಿ, ಈಚೆಗೆ ಕುಮ್ಮಟದುರ್ಗ. ಹೇಮಗುಡ್ಡದ ಕೋಟೆಯನ್ನೂ ಜನ ಈ ಮನೆತನದ ಜೊತೆಗೇ ಸೇರಿಸಿ ಹೇಳುತ್ತಾರೆ. 1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ದೇವಗಿರಿಯ ಮೇಲೆ ದಾಳಿ ಮಾಡಿದ ಮೇಲೆ ಸೇವುಣರ ಬಲ ಕುಗ್ಗುತ್ತಾ ಹೋಯಿತು. 1318ರ ಹೊತ್ತಿಗೆ ಆ ರಾಜ್ಯವೇ ಮುಗಿಯಿತು. ಒಡೆಯರಿಲ್ಲದ ಆ ಕಾಲದಲ್ಲಿ ಕಂಪಿಲ ಸ್ವತಂತ್ರ ರಾಜನಾಗಿ ನಿಂತ. ದಕ್ಷಿಣದಲ್ಲಿ ಹೊಯ್ಸಳ ಮೂರನೇ ಬಲ್ಲಾಳನ ಜೊತೆ ಗಡಿಗಾಗಿ ಮತ್ತೆ ಮತ್ತೆ ಕಾದಾಡಿದ.

ಹಂಪಿಗೆ ಹೋದವರು ಹೇಮಕೂಟ ಬೆಟ್ಟ ಹತ್ತಿರುತ್ತೀರಿ. ಅಲ್ಲಿ ವಿಜಯನಗರಕ್ಕಿಂತ ಹಳೆಯ ಚಿಕ್ಕ ಚಿಕ್ಕ ತ್ರಿಕೂಟ ಗುಡಿಗಳಿವೆ. ಕಂಪಿಲರಾಯ ತನ್ನ ತಂದೆ ತಾಯಿಯ ನೆನಪಿಗೆ ಗುಡಿ ಕಟ್ಟಿಸಿ ಲಿಂಗಗಳನ್ನು ಸ್ಥಾಪಿಸಿದ್ದನ್ನು ಅಲ್ಲಿನ ಶಾಸನ ಹೇಳುತ್ತದೆ. ಸೆಲ್ಫಿ ತೆಗೆದುಕೊಂಡು ಇಳಿದು ಬರುವ ನಮ್ಮಲ್ಲಿ ಹೆಚ್ಚಿನವರಿಗೆ ಈ ಸಂಗತಿ ಗೊತ್ತಿರುವುದಿಲ್ಲ.

ಅವನ ಬದುಕನ್ನು ತಿರುಗಿಸಿದ್ದು ದೆಹಲಿಯ ಅರಮನೆಯ ಒಳಜಗಳ. 1325ರಲ್ಲಿ ಮುಹಮ್ಮದ್ ಬಿನ್ ತುಘಲಕ್ ಸುಲ್ತಾನನಾದ. ಅವನ ಸೋದರತ್ತೆಯ ಮಗ ಬಹಾವುದ್ದೀನ್ ಗುರ್ಶಾಸ್ಪ್ ಆಗ ಸಗರದ ಅಧಿಕಾರಿ. ಸಗರವೆಂದರೆ ದೂರದ ಊರಲ್ಲ, ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರದ ಹತ್ತಿರದ್ದು. ಅವನು ಹೊಸ ಸುಲ್ತಾನನನ್ನು ಒಪ್ಪದೆ ದಂಗೆ ಎದ್ದ. ಸೇನೆ ಕಟ್ಟಿಕೊಂಡು ದೇವಗಿರಿಯತ್ತ ನಡೆದು ಸೋತ. ಹೆಂಡಿರು ಮಕ್ಕಳೊಂದಿಗೆ ಓಡಿ ಬಂದು ಕಂಪಿಲರಾಯನ ಮರೆಹೊಕ್ಕ.

ಕಂಪಿಲನ ಮುಂದಿದ್ದ ಲೆಕ್ಕ ಸರಳವಾಗಿತ್ತು. ಬಂದವನು ತನ್ನ ಜಾತಿಯವನಲ್ಲ, ಧರ್ಮದವನಲ್ಲ, ನೆಂಟನಲ್ಲ. ಅವನನ್ನು ಹಿಡಿದು ಕೊಟ್ಟರೆ ಸುಲ್ತಾನನ ಸ್ನೇಹ ಸಿಗುತ್ತಿತ್ತು. ಇಟ್ಟುಕೊಂಡರೆ ಯುದ್ಧ ಖಂಡಿತ. ಯುದ್ಧವಾದರೆ ನೆರವಿಗೆ ಬರುವವರೂ ಇರಲಿಲ್ಲ. ದೇವಗಿರಿ ಹೋಗಿತ್ತು, 1323ರಲ್ಲಿ ಕಾಕತೀಯರ ವಾರಂಗಲ್ ಕೂಡ ಬಿದ್ದಿತ್ತು. ಉಳಿದಿದ್ದ ದೊಡ್ಡ ಅರಸ ಬಲ್ಲಾಳ, ಅವನೋ ಹಳೆಯ ಹಗೆ. ಇಷ್ಟೆಲ್ಲ ಗೊತ್ತಿದ್ದೂ ಕಂಪಿಲ ಅವನಿಗೆ ಆಶ್ರಯ ಕೊಟ್ಟ.

1327ರ ಸುಮಾರಿಗೆ ಸುಲ್ತಾನನ ಸೇನೆ ಕುಮ್ಮಟಕ್ಕೆ ಬಂತು. ಮೊದಲ ಎರಡು ಸಲ ಅದು ಹಿಮ್ಮೆಟ್ಟಬೇಕಾಯಿತು ಎಂದು ಆ ಶತಮಾನದ ಇತಿಹಾಸಕಾರ ಇಸಾಮಿ ಬರೆದಿದ್ದಾನೆ. ಕುಮ್ಮಟದ ಬಂಡೆಗಳ ನಡುವಿನ ಇಕ್ಕಟ್ಟಿನ ದಾರಿಗಳನ್ನು ನೋಡಿದವರಿಗೆ ಇದು ಆಶ್ಚರ್ಯವೆನಿಸದು. ಮೂರನೆಯ ಸಲ ಇನ್ನೂ ದೊಡ್ಡ ಸೇನೆ ಬಂದಾಗ ಕುಮ್ಮಟ ಬಿತ್ತು. ಕಂಪಿಲ ಹೊಸದುರ್ಗವೆಂಬ ಇನ್ನೊಂದು ಕೋಟೆ ಸೇರಿದ. ಅದನ್ನು ಸಂಡೂರಿನ ಬೆಟ್ಟಗಳಲ್ಲಿ ಗುರುತಿಸುವವರಿದ್ದಾರೆ, ಆನೆಗೊಂದಿಯ ಕಡೆ ತೋರಿಸುವವರೂ ಇದ್ದಾರೆ. ಅಲ್ಲಿಗೂ ಮುತ್ತಿಗೆ ಬಿತ್ತು. ಒಳಗೆ ದವಸ ತೀರುತ್ತಾ ಬಂತು.

ಮುಂದಿನದನ್ನು ಪ್ರವಾಸಿ ಇಬ್ನ್ ಬತೂತ ದಾಖಲಿಸಿದ್ದಾನೆ. ಸೋಲು ಖಚಿತವಾದಾಗ ಕಂಪಿಲ ಮೊದಲು ಯೋಚಿಸಿದ್ದು ಅತಿಥಿಯ ಬಗ್ಗೆ. ತನ್ನ ಕಥೆ ಮುಗಿಯಿತು, ತಾನು ಇಲ್ಲೇ ಸಾಯುತ್ತೇನೆ, ನೀನು ಇನ್ನೊಬ್ಬ ರಾಜನ ಬಳಿಗೆ ಹೋಗು ಎಂದು ಹೇಳಿ ಗುರ್ಶಾಸ್ಪನನ್ನು ಸುರಕ್ಷಿತವಾಗಿ ಕಳುಹಿಸಿದ. ಕಳುಹಿಸಿದ್ದು ಬಲ್ಲಾಳನ ರಾಜ್ಯಕ್ಕೆ. ಆಮೇಲೆ ಕೋಟೆಯಲ್ಲಿ ದೊಡ್ಡ ಬೆಂಕಿ ಹೊತ್ತಿಸಲಾಯಿತು. ರಾಣಿಯರು, ರಾಜಕುವರಿಯರು, ನಾಯಕರ ಹೆಂಡಿರು ಅದಕ್ಕೆ ಹಾರಿದರು. ಕಂಪಿಲನೂ ಅವನ ಕಡೆಯವರೂ ಹೊರಗೆ ಬಂದು ಕಾದಾಡಿ ಸತ್ತರು.

ಬಲ್ಲಾಳ ಬೇರೆ ಲೆಕ್ಕ ಹಾಕಿದ. ಗುರ್ಶಾಸ್ಪನನ್ನು ಹಿಡಿದು ಸುಲ್ತಾನನಿಗೆ ಒಪ್ಪಿಸಿದ. ಸುಲ್ತಾನ ಅವನನ್ನು ಚರ್ಮ ಸುಲಿಸಿ ಕೊಲ್ಲಿಸಿದ. ಬಲ್ಲಾಳನ ರಾಜ್ಯವೇನೋ ಆಗ ಉಳಿಯಿತು. ಸುಮಾರು ಹದಿನೈದು ವರ್ಷಗಳ ನಂತರ ಅವನೂ ಮಧುರೆಯ ಸುಲ್ತಾನನ ಕೈಗೆ ಸಿಕ್ಕು ಅದೇ ರೀತಿಯ ಸಾವು ಕಂಡ.

ಹಾಗಾದರೆ ಕಂಪಿಲ ಮಾಡಿದ್ದು ಸರಿಯೇ? ಸುಲಭವಾಗಿ ಹೌದು ಎನ್ನಲಾಗದು. ಅವನು ಕಾಪಾಡಲು ಹೊರಟ ಮನುಷ್ಯ ಕೊನೆಗೂ ಉಳಿಯಲಿಲ್ಲ. ಕೊಟ್ಟ ಮಾತಿನ ಬೆಲೆಯನ್ನು ಅವನೊಬ್ಬನೇ ತೆರಲಿಲ್ಲ. ಬೆಂಕಿಗೆ ಹಾರಿದ ಹೆಣ್ಣುಮಕ್ಕಳು, ಕೋಟೆಯೊಳಗೆ ಹಸಿದ ಸೈನಿಕರು, ಸುತ್ತಲಿನ ಊರುಗಳ ರೈತರು ತೆತ್ತರು. ಆ ಮಾತು ಕೊಡುವ ಮುನ್ನ ಅವರನ್ನು ಯಾರೂ ಕೇಳಿರಲಿಲ್ಲ. ರಾಜರ ಕಥೆ ಓದುವಾಗ ಇದನ್ನು ಮರೆಯಬಾರದು.

ಆದರೂ ಇನ್ನೊಂದು ಸಂಗತಿ ಇದೆ. ಕಂಪಿಲನ ಹನ್ನೊಂದು ಮಂದಿ ಮಕ್ಕಳು ಸೆರೆಯಾಗಿ ಸುಲ್ತಾನನ ಬಳಿ ಹೋದರು, ಅವರನ್ನು ಮುಸ್ಲಿಮರನ್ನಾಗಿ ಮಾಡಲಾಯಿತು. ಸುಲ್ತಾನ ಅವರಿಗೆ ಅಮೀರರ ಪದವಿ ಕೊಟ್ಟು ಗೌರವದಿಂದ ಇಟ್ಟುಕೊಂಡಿದ್ದ. ಅದಕ್ಕೆ ಅವರ ಕುಲದ ಜೊತೆಗೆ ತಂದೆಯ ನಡತೆಯೂ ಕಾರಣ ಎನ್ನುತ್ತಾನೆ ಇಬ್ನ್ ಬತೂತ. ಅವರಲ್ಲಿ ಕೆಲವರನ್ನು ಅವನು ಕಣ್ಣಾರೆ ಕಂಡಿದ್ದ, ಒಬ್ಬನ ಜೊತೆ ಗೆಳೆತನವೂ ಇತ್ತು. ಯಾರ ವಿರುದ್ಧ ಕಂಪಿಲ ಹೋರಾಡಿ ಸತ್ತನೋ ಆ ಸುಲ್ತಾನನಿಗೇ ಅವನ ನಡತೆ ದೊಡ್ಡದಾಗಿ ಕಂಡಿತ್ತು.

ಹರಿಹರ, ಬುಕ್ಕರು ಮೊದಲು ಕಂಪಿಲನ ಸೇವೆಯಲ್ಲಿದ್ದರು ಎಂಬ ಪ್ರತೀತಿ ಇದೆ. ಇತಿಹಾಸಕಾರರಲ್ಲಿ ಇದಕ್ಕೆ ಒಮ್ಮತವಿಲ್ಲ. ಆದರೆ ಕುಮ್ಮಟ ಬಿದ್ದು ಹತ್ತು ವರ್ಷ ಕಳೆಯುವುದರೊಳಗೆ, 1336ರಲ್ಲಿ, ಅದೇ ತುಂಗಭದ್ರೆಯ ದಂಡೆಯಲ್ಲಿ ವಿಜಯನಗರ ಹುಟ್ಟಿತು ಎಂಬುದನ್ನು ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿ ಕಂಪಿಲಿಗೆ ಸಿಗುವುದು ಒಂದೇ ಸಾಲು: 1327ರಲ್ಲಿ ಪತನ. ಆ ಒಂದು ಸಾಲಿನ ಹಿಂದೆ ಇಷ್ಟು ಕಥೆ ಇದೆ.

ನಮ್ಮ ಮುಂದೆ ರಾಜ್ಯಗಳಿಲ್ಲ, ಕೋಟೆಗಳಿಲ್ಲ. ಇರುವುದು ಚಿಕ್ಕ ಚಿಕ್ಕ ಮಾತುಗಳು. ರೂಮಿನ ಗೆಳೆಯನಿಗೆ ಕೊಟ್ಟದ್ದು, ಮನೆಯವರಿಗೆ ಕೊಟ್ಟದ್ದು, ಕಷ್ಟದಲ್ಲಿ ನಂಬಿ ಬಂದವರಿಗೆ ಕೊಟ್ಟದ್ದು. ಲಾಭವಿದ್ದಾಗ ಮಾತು ಉಳಿಸಿಕೊಳ್ಳುವುದು ಯಾರಿಗೂ ಕಷ್ಟವಲ್ಲ. ಕೊಡುವ ಮುನ್ನ ಅದರ ಭಾರ ಯಾರ ಯಾರ ಮೇಲೆ ಬೀಳುತ್ತದೆ ಎಂದು ನೋಡಬೇಕು, ಕೊಟ್ಟ ಮೇಲೆ ನಷ್ಟವಾದರೂ ನಿಲ್ಲಬೇಕು. ಕಂಪಿಲರಾಯನ ಬದುಕಿನಲ್ಲಿ ಈ ಎರಡು ಪಾಠವೂ ಇವೆ. ಮುಂದಿನ ಸಲ ಹೇಮಗುಡ್ಡಕ್ಕೆ ದುರ್ಗಾದೇವಿಯ ದರ್ಶನಕ್ಕೋ, ಕುಮ್ಮಟದ ಬೆಟ್ಟ ಹತ್ತಲೋ ಹೋದಾಗ ಮಗನ ಜೊತೆ ಆ ತಂದೆಯನ್ನೂ ಒಮ್ಮೆ ನೆನೆಯೋಣ.