ಜೀನ್ ಡೌಸೆಟ್

ಜೀನ್ ಡೌಸೆಟ್ (19 ಅಕ್ಟೋಬರ್ 1916 – 6 ಜೂನ್ 2009) ಫ್ರಾನ್ಸ್ ದೇಶದ ಪ್ರಸಿದ್ಧ ವೈದ್ಯವಿಜ್ಞಾನಿ. ಮಾನವನ ಜೀವಕೋಶಗಳ ಮೇಲಿರುವ, ಇಂದು 'ಎಚ್‌ಎಲ್‌ಎ' ಎಂದು ಕರೆಯಲಾಗುವ ಗುರುತುಗಳಲ್ಲಿ ಮೊದಲನೆಯದನ್ನು ಕಂಡುಹಿಡಿದವರು ಇವರು. ಅಂಗಾಂಗ ಕಸಿಯಲ್ಲಿ ದಾನಿಗೂ ರೋಗಿಗೂ ಹೊಂದಾಣಿಕೆಯಿದೆಯೇ ಎಂದು ತಿಳಿಯಲು ಈ ಗುರುತುಗಳು ಮುಖ್ಯ ಆಧಾರ. 1980ರಲ್ಲಿ ಬರುಜ್ ಬೆನಾಸೆರಾಫ್ ಮತ್ತು ಜಾರ್ಜ್ ಸ್ನೆಲ್ ಅವರೊಂದಿಗೆ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಆರಂಭಿಕ ಜೀವನ

ಡೌಸೆಟ್ ಅವರು ತೂಲೂಸ್ ನಗರದಲ್ಲಿ ಜನಿಸಿದರು. ತಂದೆ ವೈದ್ಯರಾಗಿದ್ದರು. ಪ್ಯಾರಿಸ್‌ನಲ್ಲಿ ವೈದ್ಯಕೀಯ ಶಿಕ್ಷಣ ಪಡೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉತ್ತರ ಆಫ್ರಿಕದಲ್ಲಿ ಗಾಯಾಳು ಸೈನಿಕರಿಗೆ ರಕ್ತ ನೀಡುವ ಕಾರ್ಯದಲ್ಲಿ ತೊಡಗಿದ್ದರು. ಮುಂದೆ ರಕ್ತವೇ ಅವರ ಅಧ್ಯಯನದ ವಿಷಯವಾಯಿತು.

ಸಂಶೋಧನೆ

ಹಲವು ಬಾರಿ ರಕ್ತ ಪಡೆದ ಕೆಲವು ರೋಗಿಗಳ ಸೀರಮ್, ಅನ್ಯರ ಬಿಳಿ ರಕ್ತಕಣಗಳನ್ನು ಗುಂಪುಗೂಡಿಸುತ್ತಿತ್ತು. ರೋಗಿಯ ಸ್ವಂತ ಕಣಗಳಿಗೆ ಏನೂ ಆಗುತ್ತಿರಲಿಲ್ಲ. ಇದನ್ನು ಗಮನಿಸಿದ ಡೌಸೆಟ್ 1958ರಲ್ಲಿ ಒಂದು ಗುರುತನ್ನು ವಿವರಿಸಿ, ಸಂಶೋಧನೆಗೆ ನೆರವಾದ ಮೂವರ ಹೆಸರುಗಳ ಮೊದಲ ಅಕ್ಷರಗಳಿಂದ ಅದನ್ನು 'ಮ್ಯಾಕ್' ಎಂದು ಕರೆದರು.

ಹೆಸರುಗಳ ಏಕೀಕರಣ

1960ರ ದಶಕದಲ್ಲಿ ಪ್ರತಿಯೊಂದು ಪ್ರಯೋಗಾಲಯಕ್ಕೂ ತನ್ನದೇ ಸೀರಮ್, ತನ್ನದೇ ವಿಧಾನ, ತನ್ನದೇ ಹೆಸರುಗಳಿದ್ದವು. ಡೌಸೆಟ್ ಅವರ 'ಮ್ಯಾಕ್' ಅಮೆರಿಕದಲ್ಲಿ ರೋಸ್ ಪೇನ್ ಅವರ ತಂಡಕ್ಕೆ 'ಎಲ್‌ಎ2' ಆಗಿತ್ತು. ಹೀಗಾಗಿ ಒಂದು ಊರಿನ ದಾನಿಯ ವರದಿಯನ್ನು ಇನ್ನೊಂದು ಊರಿನ ರೋಗಿಯ ವರದಿಯೊಡನೆ ಹೋಲಿಸುವುದು ಕಷ್ಟವಾಗಿತ್ತು. ಹೊಂದಾಣಿಕೆ ತಪ್ಪಿದರೆ ರೋಗಿಯ ದೇಹವು ಕಸಿಯನ್ನು ತಿರಸ್ಕರಿಸುವ ಅಪಾಯವಿತ್ತು.

1964ರಲ್ಲಿ ಬರ್ನಾರ್ಡ್ ಏಮಸ್ ಅವರು ಅಮೆರಿಕದ ಡರ್ಹ್ಯಾಮ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಕಾರ್ಯಾಗಾರ ನಡೆಸಿದರು. ಒಂದೇ ಮಾದರಿಗಳನ್ನು ಬೇರೆ ಬೇರೆ ತಂಡಗಳು ಪರೀಕ್ಷಿಸಿದಾಗ ಫಲಿತಾಂಶಗಳು ತಾಳೆಯಾಗಲಿಲ್ಲ. 1967ರ ಟ್ಯೂರಿನ್ ಕಾರ್ಯಾಗಾರದಲ್ಲಿ ಎಲ್ಲರೂ ಅದೇ ಕುಟುಂಬಗಳ ರಕ್ತವನ್ನು ಪರೀಕ್ಷಿಸಿದರು. ಈ ಗುರುತುಗಳೆಲ್ಲ ಒಂದೇ ಆನುವಂಶಿಕ ವ್ಯವಸ್ಥೆಗೆ ಸೇರಿದವೆಂಬುದು ಸ್ಪಷ್ಟವಾಯಿತು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನಾಮಕರಣ ಸಮಿತಿ ಈ ವ್ಯವಸ್ಥೆಗೆ 'ಎಚ್‌ಎಲ್-ಎ' ಎಂಬ ಹೆಸರನ್ನು ನೀಡಿತು. ಸಮಿತಿಯಲ್ಲಿ ಡೌಸೆಟ್ ಅವರೂ ಇದ್ದರು. ಅವರು ಹಿಂದೆ ಸೂಚಿಸಿದ್ದ 'ಹ್ಯು-1' ಬಳಕೆಯಿಂದ ಮರೆಯಾಯಿತು. 'ಮ್ಯಾಕ್' ಎಂಬುದು 'ಎಚ್‌ಎಲ್-ಎ2' ಆಯಿತು.

ಈ ಪದ್ಧತಿಯೇ ಮುಂದೆ ವಿಸ್ತಾರಗೊಂಡಿತು. ಇಂದಿನ 'ಎಚ್‌ಎಲ್‌ಎ-ಎ*02:01' ಎಂಬ ಬರಹದಲ್ಲಿ 'ಎ' ವಂಶವಾಹಿಯನ್ನೂ, '02' ಅದರ ಗುಂಪನ್ನೂ, '01' ನಿರ್ದಿಷ್ಟ ಪ್ರೋಟೀನನ್ನೂ ಸೂಚಿಸುತ್ತವೆ. ಕೆಲವು ಗುಂಪುಗಳಲ್ಲಿ ಬಗೆಗಳ ಸಂಖ್ಯೆ 99ನ್ನು ಮೀರಿ ಎರಡು ಅಂಕಿಗಳು ಸಾಲದಾದುದರಿಂದ, 2010ರಲ್ಲಿ ನಡುವಿನ ವಿಭಜಕ ಚಿಹ್ನೆ ಜಾರಿಗೆ ಬಂದಿತು. '02' ಎಂಬ ಗುಂಪಿನ ಮೂಲ ಡೌಸೆಟ್ ಅವರ 'ಮ್ಯಾಕ್'.

ಸಂಸ್ಥೆಗಳು

1969ರಲ್ಲಿ ಡೌಸೆಟ್ ಅವರು ಕಸಿಗೆ ಅಂಗಾಂಗಗಳನ್ನು ಹಂಚುವ 'ಫ್ರಾನ್ಸ್ ಟ್ರಾನ್ಸ್‌ಪ್ಲಾಂಟ್' ಸಂಸ್ಥೆಯನ್ನು ಸ್ಥಾಪಿಸಿದರು. 1984ರಲ್ಲಿ ಪ್ಯಾರಿಸ್‌ನಲ್ಲಿ ಮಾನವ ಬಹುರೂಪತೆಯ ಅಧ್ಯಯನ ಕೇಂದ್ರವನ್ನು ಆರಂಭಿಸಿದರು. ಆಯ್ದ ಕುಟುಂಬಗಳ ಡಿಎನ್‌ಎಯನ್ನು ಈ ಕೇಂದ್ರ ಹಲವು ದೇಶಗಳ ಸಂಶೋಧಕರಿಗೆ ಒದಗಿಸುತ್ತಿತ್ತು. ಪಡೆದವರು ತಮ್ಮ ಫಲಿತಾಂಶಗಳನ್ನು ಎಲ್ಲರಿಗೂ ಸೇರಿದ ದತ್ತಸಂಗ್ರಹಕ್ಕೆ ಹಿಂದಿರುಗಿಸಬೇಕೆಂಬುದು ನಿಯಮ. ಮಾನವ ವರ್ಣತಂತುಗಳ ನಕ್ಷೆ ರಚನೆಗೆ ಇದು ಬಹಳ ನೆರವಾಯಿತು.

ನಿಧನ

ಡೌಸೆಟ್ ಅವರು 2009ರಲ್ಲಿ ಸ್ಪೇನ್‌ನ ಮಯೋರ್ಕಾ ದ್ವೀಪದಲ್ಲಿ ನಿಧನರಾದರು.