ಬೂದಿಯ ವರ್ಷದ ಖಲೀಫಾ

ಹಿಜರಿ 18ನೇ ವರ್ಷ, ಅಂದರೆ ಕ್ರಿ.ಶ. 639ರಲ್ಲಿ, ಮದೀನಾ ಮತ್ತು ಸುತ್ತಲಿನ ನಾಡಿಗೆ ಮಳೆಯೇ ಬರಲಿಲ್ಲ. ಗಾಳಿ ಬೀಸಿದರೆ ಬೂದಿಯಂಥ ಧೂಳು ಏಳುತ್ತಿತ್ತು. ಹಾಗಾಗಿ ಆ ವರ್ಷಕ್ಕೆ ಆಮುರ್ರಮಾದ, ಬೂದಿಯ ವರ್ಷ, ಎಂಬ ಹೆಸರೇ ನಿಂತಿತು. ಜಾನುವಾರುಗಳು ಸತ್ತವು. ಮರಳುಗಾಡಿನ ಬುಡಕಟ್ಟಿನವರು ಸಾವಿರಗಟ್ಟಲೆ ಮದೀನಾಕ್ಕೆ ಬಂದು ಊರ ಸುತ್ತ ಬೀಡುಬಿಟ್ಟರು.

ಆಗ ಖಲೀಫರಾಗಿದ್ದವರು ಹಝ್ರತ್ ಉಮರ್ ಬಿನ್ ಖತ್ತಾಬ್ (ರ). ಮಕ್ಕಾದ ಕುರೈಶ್ ವಂಶದವರು, ಮೊದಲು ಇಸ್ಲಾಮಿನ ಕಡುವಿರೋಧಿ, ಆಮೇಲೆ ಪ್ರವಾದಿ (ಸ)ರ ಆಪ್ತ ಸಂಗಾತಿ. ಹಝ್ರತ್ ಅಬೂಬಕರ್ (ರ)ರ ನಿಧನದ ಬಳಿಕ 634ರಲ್ಲಿ ಅಧಿಕಾರ ವಹಿಸಿಕೊಂಡಾಗ ಅವರ ಕಠಿಣ ಸ್ವಭಾವಕ್ಕೆ ಅಂಜಿದವರು ಬಹಳ. ಆ ಕಾಠಿಣ್ಯ ಮೊದಲು ಯಾರ ಮೇಲೆ ಬಿತ್ತು ಎಂಬುದು ಬರಗಾಲದಲ್ಲಿ ತಿಳಿಯಿತು.

ಜನರಿಗೆಲ್ಲ ಸಿಗುವ ತನಕ ತುಪ್ಪ, ಹಾಲು, ಮಾಂಸ ಮುಟ್ಟುವುದಿಲ್ಲವೆಂದು ಉಮರ್ (ರ) ನಿರ್ಧರಿಸಿದರು. ಎಣ್ಣೆಯಲ್ಲಿ ಅದ್ದಿದ ರೊಟ್ಟಿಯೇ ಅವರ ಊಟ. ಬೆಳ್ಳಗಿದ್ದ ಮೈಬಣ್ಣ ಕಪ್ಪಿಟ್ಟಿತು. ಒಮ್ಮೆ ಪೇಟೆಗೆ ತುಸು ತುಪ್ಪ, ಹಾಲು ಬಂದಾಗ ಸೇವಕ ದುಬಾರಿ ಬೆಲೆ ಕೊಟ್ಟು ಅವರಿಗಾಗಿ ತಂದ. ಅದನ್ನು ಬಡವರಿಗೆ ಹಂಚಿಸಿಬಿಟ್ಟರು.

ಆದರೆ ನಾಯಕ ಉಪವಾಸ ಬಿದ್ದರೆ ಇನ್ನೊಬ್ಬರ ಹೊಟ್ಟೆ ತುಂಬುವುದಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಪ್ರಾಂತಗಳ ರಾಜ್ಯಪಾಲರಿಗೆ ಪತ್ರ ಬರೆದರು. ಸಿರಿಯಾದಿಂದ ಅಬೂ ಉಬೈದಾ (ರ) 4,000 ಒಂಟೆಗಳ ಮೇಲೆ ಧಾನ್ಯ ಹೇರಿಕೊಂಡು ತಾವೇ ಬಂದರು. ಬೀಡುಬಿಟ್ಟ ಜನರನ್ನು ನೋಡಿಕೊಳ್ಳಲು ಊರಿನ ಒಂದೊಂದು ದಿಕ್ಕಿಗೆ ಒಬ್ಬೊಬ್ಬರ ನೇಮಕವಾಯಿತು. ಅವರು ಪ್ರತಿ ಸಂಜೆ ಖಲೀಫರ ಮುಂದೆ ಕುಳಿತು ಆ ದಿನದ ವರದಿ ಒಪ್ಪಿಸಬೇಕಿತ್ತು. ಉಣ್ಣಲು ಬಂದವರ ಲೆಕ್ಕ ಮಾತ್ರವಲ್ಲ, ಬರಲಾಗದ ರೋಗಿಗಳು, ಮಕ್ಕಳ ಲೆಕ್ಕವನ್ನೂ ತೆಗೆಸಿದರು. ಆ ವರ್ಷ ಝಕಾತ್ ವಸೂಲಿಯನ್ನು ಮುಂದೂಡಿದರು. ಮಳೆಗಾಗಿ ಪ್ರಾರ್ಥನೆ ನಡೆದು ಮಳೆ ಬಂದ ಮೇಲೆ ಜನರಿಗೆ ದಾರಿಬುತ್ತಿ ಕೊಟ್ಟು ಅವರವರ ಊರಿಗೆ ಕಳುಹಿಸಿದರು.

ಜೊತೆಗಾರರ ವಿಷಯದಲ್ಲಿ ಅವರದು ಬಿಗಿ ಹಿಡಿತ. ರಾಜ್ಯಪಾಲರನ್ನು ನೇಮಿಸುವಾಗ ಅವರ ಆಸ್ತಿಯ ಪಟ್ಟಿ ಬರೆಸಿಕೊಳ್ಳುತ್ತಿದ್ದರು. ಹಜ್ಜ್ ಸಮಯದಲ್ಲಿ ಅವರನ್ನು ಕರೆಸಿ, ಜನರಿಗೆ ಎದುರೆದುರೇ ದೂರು ಹೇಳಲು ಅವಕಾಶ ಕೊಡುತ್ತಿದ್ದರು. ಎಲ್ಲಕ್ಕಿಂತ ಕಷ್ಟದ ತೀರ್ಮಾನ ಖಾಲಿದ್ ಬಿನ್ ವಲೀದ್ (ರ)ರದ್ದು. ಗೆಲುವಿನ ಮೇಲೆ ಗೆಲುವು ತಂದ ಆ ಸೇನಾಪತಿಯನ್ನು ಉಮರ್ (ರ) ಕೆಳಗಿಳಿಸಿದರು. ಕೋಪದಿಂದಲೋ ದ್ರೋಹದ ಆರೋಪದಿಂದಲೋ ಅಲ್ಲ, ಜನ ಅಲ್ಲಾಹನನ್ನು ಬಿಟ್ಟು ಒಬ್ಬ ಮನುಷ್ಯನ ಮೇಲೆ ಭರವಸೆ ಇಡತೊಡಗಿದ್ದಾರೆಂದು ಪ್ರಾಂತಗಳಿಗೆ ಬರೆದು ತಿಳಿಸಿದರು. ಹೀಗೆ ಖಾಲಿದ್‌ರ ಗೌರವ ಉಳಿಯಿತು. ಅಬೂ ಉಬೈದಾರ ಕೈಕೆಳಗೆ ಗೊಣಗದೆ ಹೋರಾಡಿದ ಖಾಲಿದ್ (ರ) ಕೂಡ ಇಲ್ಲಿ ಉಮರ್‌ರಷ್ಟೇ ದೊಡ್ಡವರಾಗಿ ನನಗೆ ಕಾಣುತ್ತಾರೆ.

ಸಿರಿಯಾದಲ್ಲಿ ಪ್ಲೇಗ್ ಹಬ್ಬಿದಾಗ ಖಲೀಫರು ಅಲ್ಲಿಗೆ ಹೊರಟು ಗಡಿಯ ಸರ್ಗ್ ತಲುಪಿದ್ದರು. ಮುಂದೆ ಹೋಗಬೇಕೇ, ಮರಳಬೇಕೇ? ಮುಹಾಜಿರರನ್ನು ಕೇಳಿದರು, ಅನ್ಸಾರರನ್ನು ಕೇಳಿದರು. ಎರಡೂ ಕಡೆ ಒಮ್ಮತವಿರಲಿಲ್ಲ. ಕುರೈಶ್ ಹಿರಿಯರು ಒಂದೇ ದನಿಯಲ್ಲಿ ಮರಳಲು ಹೇಳಿದರು. ಆಪ್ತರಾದ ಅಬೂ ಉಬೈದಾ (ರ) ಎಲ್ಲರೆದುರೇ ಆಕ್ಷೇಪಿಸಿದರು. ಅದಕ್ಕೂ ಕಾರಣ ವಿವರಿಸಿ ಉತ್ತರ ಕೊಟ್ಟು, ಜೊತೆಗಿದ್ದವರ ಜೀವ ಉಳಿಸಿಕೊಂಡು ಹಿಂದಿರುಗಿದರು.

644ರಲ್ಲಿ ಫಜ್ರ್ ನಮಾಝಿನಲ್ಲಿ ಅವರಿಗೆ ಇರಿತವಾಯಿತು. ಸಾವಿನ ಹಾಸಿಗೆಯಲ್ಲಿ ಮುಂದಿನ ಖಲೀಫರ ಆಯ್ಕೆಯನ್ನು ಆರು ಮಂದಿಗೆ ವಹಿಸಿದರು. ಮಗ ಅಬ್ದುಲ್ಲಾ ಸಭೆಯಲ್ಲಿ ಕೂರಬಹುದು, ಅಧಿಕಾರ ಅವರಿಗಿಲ್ಲ ಎಂದು ಕಟ್ಟುಮಾಡಿದರು. ತಮ್ಮ ಸಾಲವನ್ನು ಲೆಕ್ಕ ಹಾಕಿಸಿ, ಮನೆಯವರ ಆಸ್ತಿಯಿಂದ ತೀರಿಸಲು ಹೇಳಿದರು. ಪ್ರವಾದಿ (ಸ)ರ ಪಕ್ಕದಲ್ಲಿ ದಫನ್ ಆಗುವ ಆಸೆ ಅವರಿಗಿತ್ತು. ಹಝ್ರತ್ ಆಯಿಶಾ (ರ)ರ ಅನುಮತಿ ಕೇಳಲು ಮಗನನ್ನು ಕಳುಹಿಸುವಾಗ, ಅಮೀರುಲ್ ಮೂಮಿನೀನ್ ಎನ್ನದೆ ಬರೇ ಉಮರ್ ಎಂದು ಹೆಸರು ಹೇಳಿಸಿದರು. ಆಯಿಶಾ (ರ) ಒಪ್ಪಿದರು. ಆದರೂ ತಾನು ತೀರಿಕೊಂಡ ಮೇಲೆ ಜನಾಝಾವನ್ನು ಬಾಗಿಲಲ್ಲಿ ನಿಲ್ಲಿಸಿ ಇನ್ನೊಮ್ಮೆ ಕೇಳಬೇಕೆಂದು, ಒಪ್ಪದಿದ್ದರೆ ಸಾರ್ವಜನಿಕ ಖಬರಸ್ತಾನಕ್ಕೆ ಒಯ್ಯಬೇಕೆಂದು ಉಮರ್ (ರ) ಸೂಚಿಸಿದ್ದರು. ಹಾಗೆಯೇ ಮತ್ತೊಮ್ಮೆ ಕೇಳಲಾಯಿತು. ಅನುಮತಿ ಸಿಕ್ಕಿತು.