ಆಂಡರ್ಸನ್ನರ ಕೋವಿ

ಸತ್ತೂರಿನ ನನ್ನ ಮನೆಗೆ ಬಂದಿದ್ದ ವಿದ್ಯಾರ್ಥಿಯೊಬ್ಬ ಕಪಾಟಿನಿಂದ, ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ಕಾಡಿನ ಕತೆಗಳನ್ನು ಎತ್ತಿಕೊಂಡು, ಕೊಂದವನ ಕತೆಯನ್ನು ಇಂದೇಕೆ ಓದಬೇಕೆಂದು ಕೇಳಿದ. ಉತ್ತರವಾಗಿ ನಾನು ಅವರ ಕೋವಿಯ ಮಾತನ್ನೆತ್ತಿದೆ.

1910ರಲ್ಲಿ ಜನಿಸಿದ ಆಂಡರ್ಸನ್ನರು ಸ್ಕಾಟ್ ಮನೆತನದವರಾದರೂ ಬಾಳಿದ್ದು ಬೆಂಗಳೂರಿನಲ್ಲಿ. ವೃತ್ತಿ ವಿಮಾನ ಕಾರ್ಖಾನೆಯಲ್ಲಿ, ಮನಸ್ಸು ಕಾಡಿನಲ್ಲಿ. ಹಳ್ಳಿಗರೊಡನೆ ಕನ್ನಡದಲ್ಲಿಯೇ ಮಾತನಾಡಬಲ್ಲವರಾಗಿದ್ದರು. ಅವರ ಮೊದಲ ಬೇಟೆಗ್ರಂಥ 1954ರಲ್ಲಿ ಪ್ರಕಟವಾಯಿತು.

ಅವರ ನೆಚ್ಚಿನ ಆಯುಧ, 1895ರ ಮಾದರಿಯ .405 ವಿಂಚೆಸ್ಟರ್. ಕೆಳಗಿನ ಸನ್ನೆಯನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಬಿದ್ದು ಹೊಸದು ಒಳಸೇರುವುದು. ಗುಂಡಿನ ದಪ್ಪ ಸುಮಾರು 10 ಮಿಲಿಮೀಟರು, ತೂಕ 19 ಗ್ರಾಮಿನಷ್ಟು. ಈ ತೋಟಾ ಅಂಗಡಿಗಳಲ್ಲಿ ದುರ್ಲಭವಾದಾಗ ಅಮೆರಿಕದ ಹವ್ಯಾಸಿಗಳು ಮದ್ದು ಗುಂಡುಗಳನ್ನು ಕೈಯಾರೆ ತುಂಬಿ ಹಳೆಯ ಕೋವಿಗಳನ್ನು ಬಳಕೆಯಲ್ಲಿ ಉಳಿಸಿಕೊಂಡರು.

ಇಂಥ ಭಾರಿ ಗುಂಡಿನ ಆಯ್ಕೆ ಆಡಂಬರಕ್ಕಲ್ಲ. ಹಗುರ ಕೋವಿಯಿಂದ ಅರೆಗಾಯಗೊಂಡ ಹುಲಿ ಸಹಜ ಬೇಟೆಯಾಡಲಾರದೆ ಮನುಷ್ಯನ ಮೇಲೆ ಬೀಳುವುದುಂಟು. ಆ ತಪ್ಪಿನ ಬೆಲೆಯನ್ನು ತೆರುವವರು ಸೌದೆಗೆ ಹೋದ ಹೆಂಗಸರು, ದನಗಾಹಿಗಳು. ಇದನ್ನು ಅವರು ಕಣ್ಣಾರೆ ಕಂಡಿದ್ದರು. ಒಂದೇ ಈಡಿಗೆ ಮುಗಿಸುವುದು ಅಲ್ಲಿ ದಯೆಯೇ ಸರಿ. ತಪ್ಪಿದರೆ ಗಾಯಗೊಂಡ ಪ್ರಾಣಿಯನ್ನು ಪೊದೆಯೊಳಗೆ ಹಿಂಬಾಲಿಸುವುದು ಹೊಡೆದವನ ಋಣ.

ಮುಂದೆ ಅವರು ಕೋವಿಗಿಂತ ಕ್ಯಾಮೆರಾವನ್ನು ಮೆಚ್ಚಿದರು. ಕಾಡಿನ ಉಳಿವಿಗಾಗಿ ಬರೆದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಅವರು ತೀರಿಕೊಂಡರು.

ವಿದ್ಯಾರ್ಥಿ ಮರುಮಾತಾಡಲಿಲ್ಲ. ಹೊರಡುವಾಗ ಪುಸ್ತಕ ಅವನ ಕಂಕುಳಲ್ಲಿತ್ತು, ನಾನೂ ಕೇಳಲಿಲ್ಲ.